ಮೊದಲು ಅರ್ತಿಂಗ್, ಆಮೇಲೆ ಗ್ರಾಫಿಕ್ಸ್

ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವ ಆಸೆ ಹೊತ್ತು ಬರುವ ಹುಡುಗರ ಬಾಯಲ್ಲಿ ಮೊದಲು ಬರುವುದು ಗ್ರಾಫಿಕ್ಸ್ ಕಾರ್ಡಿನ ಹೆಸರು. ನಾನು ಮೊದಲು ಕೇಳುವುದು, ಮನೆಯಲ್ಲಿ ಅರ್ತಿಂಗ್ ಸರಿ ಇದೆಯಾ ಅಂತ. ಅಲ್ಲಿಗೆ ಅವರ ಮುಖ ಸಣ್ಣದಾಗುತ್ತದೆ. ಏನು ಮಾಡುವುದು, ಹಳದೀಪುರದಲ್ಲಿ ಕೂತು ಆಡುವವರಿಗೆ ಇದೇ ಮೊದಲ ಪ್ರಶ್ನೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ತಪ್ಪಲು, ನಡುವೆ ಹೊನ್ನಾವರದಿಂದ ಕುಮಟಾಕ್ಕೆ ಓಡುವ ಹೆದ್ದಾರಿ 66. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆ, ವರ್ಷವಿಡೀ ಉಪ್ಪು ಗಾಳಿ, ಚಿತ್ತಾ–ಸ್ವಾತಿ ಮಳೆಯ ಸಿಡಿಲು. ಯೂಟ್ಯೂಬಿನಲ್ಲಿ ಸಿಗುವ ‘ಬಜೆಟ್ ಬಿಲ್ಡ್’ ಪಟ್ಟಿಗಳೆಲ್ಲ ಒಣ ಊರಿನವರು ಒಣ ಊರಿನವರಿಗೆ ಹೇಳಿದವು.

ಅರ್ತಿಂಗ್ ಇಲ್ಲದ ಮನೆಯನ್ನು ಮೀಟರ್ ಇಲ್ಲದೆಯೂ ಗುರುತು ಹಿಡಿಯಬಹುದು. ಕ್ಯಾಬಿನೆಟ್ಟಿನ ಹಿಂದಿನ ತಗಡು ಮುಂಗೈಗೆ ತಾಗಿದರೆ ಜುಮ್ಮೆನ್ನುತ್ತದೆ. ಮಾನಿಟರಿನ ಕೇಬಲ್ ಚುಚ್ಚುವಾಗ ಸಣ್ಣದೊಂದು ಕಿಡಿ ಹಾರುತ್ತದೆ. “ಅದು ಮೊದಲಿಂದಲೂ ಹಾಗೇ, ಚಪ್ಪಲಿ ಹಾಕ್ಕೊಂಡು ಕೂತರೆ ಏನಾಗೂದಿಲ್ಲ” ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆಗುವುದು ಇಷ್ಟು: ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ, ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಗದ್ದಲದ ವಿದ್ಯುತ್ತನ್ನು ಭೂಮಿಗೆ ದಾಟಿಸುವುದು ಅವುಗಳ ಕೆಲಸ. ಭೂಮಿಗೆ ದಾರಿಯೇ ಇಲ್ಲದಾಗ ಕ್ಯಾಬಿನೆಟ್ಟು 230 ವೋಲ್ಟಿನ ಅರ್ಧದಲ್ಲಿ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಅತಿ ಸಣ್ಣದು, ಆಳನ್ನು ಬೀಳಿಸುವಷ್ಟಲ್ಲ. ಆದರೆ ಅದೇ ಮನೆಯ ಹತ್ತಿರ ಸಿಡಿಲು ಬಡಿದಾಗ ಲೈನಿನಲ್ಲಿ ನುಗ್ಗಿ ಬಂದದ್ದು ಹೊರಗೆ ಹೋಗಲು ನಿಮ್ಮ ಮದರ್‌ಬೋರ್ಡಿನಲ್ಲೇ ದಾರಿ ಹುಡುಕುತ್ತದೆ. ಎಲೆಕ್ಟ್ರಿಷಿಯನ್ ಕರೆದು ಮಲ್ಟಿಮೀಟರ್ ಇಡಿಸಿ. ಫೇಸ್–ಅರ್ತ್ ನಡುವೆ ಬರುವ ಅಂಕಿ ಫೇಸ್–ನ್ಯೂಟ್ರಲ್‌ಗೆ ಹತ್ತಿರವಿರಬೇಕು, ನ್ಯೂಟ್ರಲ್–ಅರ್ತ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಮಳೆಗಾಲದಲ್ಲಿ ಸರಿ ಇದ್ದ ಅರ್ತಿಂಗೂ ಕೈಕೊಡುತ್ತದೆ. ಇದ್ದಿಲು, ಉಪ್ಪು ತುಂಬಿದ ಆ ಗುಂಡಿಗೆ ಏಪ್ರಿಲ್, ಮೇ ತಿಂಗಳಲ್ಲಿ ಆಗಾಗ ನಾಲ್ಕು ಕೊಡ ನೀರು ಹೊಯ್ಯುವುದು ಸುತ್ತಲಿನ ಹಳೆಯ ವೈರ್‌ಮನ್‌ಗಳೆಲ್ಲ ಬಲ್ಲ ಉಪಾಯ.

ಎರಡನೆಯದು ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ, ಮೈಮೇಲೆ 450 ವ್ಯಾಟ್ ಎಂದು ಬರೆದುಕೊಂಡು ಕೈಯಲ್ಲಿ ಹಿಡಿದರೆ ಬೆಂಡಿನಷ್ಟು ಹಗುರ ಇರುವ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ‘80 ಪ್ಲಸ್ ಬ್ರಾಂಜ್’ ಗುರುತಿನ, ಹೆಸರಿರುವ ಕಂಪನಿಯ 450 ಅಥವಾ 550 ವ್ಯಾಟಿನದು ಸಾಕು. ಅಂಗಡಿಯವನು ಹೇಳದ ಇನ್ನೊಂದು ಸಂಗತಿ ಲೇಬಲ್ಲಿನ ಸಣ್ಣ ಅಕ್ಷರದಲ್ಲಿದೆ. ಇನ್‌ಪುಟ್ ಎಂಬ ಸಾಲಿನಲ್ಲಿ ಕೆಲವಕ್ಕೆ 200–240 ವೋಲ್ಟ್ ಎಂದಿರುತ್ತದೆ, ಕೆಲವಕ್ಕೆ 100–240 ಎಂದು. ಸಂಜೆ ಹೊತ್ತು ಊರಿನ ಪಂಪುಗಳೆಲ್ಲ ಚಾಲೂ ಆಗಿ ವೋಲ್ಟೇಜು 170ಕ್ಕೆ ಇಳಿಯುವ ಕೊನೆಯ ಕಂಬದ ಮನೆಗಳಲ್ಲಿ ಮೊದಲನೆಯದು ಮುಗ್ಗರಿಸುತ್ತದೆ, ಎರಡನೆಯದು ಏನೂ ಆಗದವರಂತೆ ಓಡುತ್ತದೆ. ಬೆಲೆಯ ವ್ಯತ್ಯಾಸ ದೊಡ್ಡದೇನಲ್ಲ.

ಇಷ್ಟು ಹೊತ್ತು ಆಟದ ಮಾತೇ ಬರಲಿಲ್ಲ ಎಂದು ಗೊಣಗುವವರಿಗೆ: ಬಂತು.

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳ ಮೂಲಪುರುಷ ‘ಮಡ್’ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಬರೆದದ್ದು. ಚಿತ್ರವೇ ಇಲ್ಲ, ಬರೀ ಅಕ್ಷರ. 2001ರಲ್ಲಿ ರೂನ್‌ಸ್ಕೇಪ್ ಬಂತು, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿದ್ದರಿಂದ ಸೈಬರ್ ಕೆಫೆಯ ಓಬೀರಾಯನ ಕಾಲದ ಯಂತ್ರದಲ್ಲೂ ಆಡಬಹುದಿತ್ತು. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, 2012ರಲ್ಲಿ ಗಿಲ್ಡ್ ವಾರ್ಸ್ 2, ಒಮ್ಮೆ ಮಕಾಡೆ ಮಲಗಿ 2013ರಲ್ಲಿ ಎದ್ದು ಕೂತ ಫೈನಲ್ ಫ್ಯಾಂಟಸಿ 14. ಇವೆಲ್ಲ ಇವತ್ತಿಗೂ ಜನ ತುಂಬಿದ ಲೋಕಗಳು. ಗುಂಡು ಹಾರಿಸುವ ಆಟಗಳ ಹಾಗೆ ವರ್ಷಕ್ಕೊಂದು ಹೊಸ ಕಾರ್ಡು ಬೇಡುವುದಿಲ್ಲ. ಮತ್ತೇನು ಬೇಡುತ್ತವೆ ಎಂಬುದರಲ್ಲೇ ಬಜೆಟ್ಟಿನ ಗುಟ್ಟಿರುವುದು.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ತಾಲ್ಲೂಕು ಇದು, ಆದ್ದರಿಂದ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ಗ್ರಾಫಿಕ್ಸ್ ಕಾರ್ಡು ವೇಷ, ಪ್ರೊಸೆಸರ್ ಭಾಗವತ. ಕಿರೀಟ, ಭುಜಕೀರ್ತಿ ಎಷ್ಟೇ ಮಿಂಚಲಿ, ಜಾಗಟೆ ಹಿಡಿದವನು ತಡವರಿಸಿದರೆ ಕುಣಿತ ಅಲ್ಲಿಗೇ ನಿಲ್ಲುತ್ತದೆ. ಕಾಡಿನಲ್ಲಿ ಒಬ್ಬನೇ ಅಲೆಯುವಾಗ ಸಲೀಸಾಗಿ ಓಡುವ ಆಟ ಫೈನಲ್ ಫ್ಯಾಂಟಸಿಯ ಲಿಮ್ಸಾ ಲೊಮಿನ್ಸಾದ ಪೇಟೆಗೋ ಗಿಲ್ಡ್ ವಾರ್ಸ್ 2ರ ಲಯನ್ಸ್ ಆರ್ಚಿನ ಚೌಕಕ್ಕೋ ಬಂದ ಕೂಡಲೇ ಕುಂಟತೊಡಗುತ್ತದೆ. ಅಲ್ಲಿ ನೂರಾರು ಜನ, ಒಬ್ಬೊಬ್ಬರದು ಒಂದೊಂದು ಉಡುಪು, ಒಂದೊಂದು ಆಯುಧ, ಒಂದೊಂದು ಸಾಕುಪ್ರಾಣಿ. ಯಾರು ಎಲ್ಲಿದ್ದಾರೆ, ಏನು ತೊಟ್ಟಿದ್ದಾರೆ ಎಂಬುದನ್ನು ಸರ್ವರಿನಿಂದ ಕೇಳಿ ತಿಳಿದು, ಇದನ್ನು ಬಿಡಿಸು ಅದನ್ನು ಬಿಡಿಸು ಎಂದು ಕಾರ್ಡಿಗೆ ಅಪ್ಪಣೆ ಕೊಡುವುದು ಪ್ರೊಸೆಸರಿನ ಪಾಲಿನದು. ಅದರ ಬಹುಪಾಲು ಒಂದೆರಡು ಕೋರ್‌ಗಳ ತಲೆಗೇ ಬೀಳುತ್ತದೆ. ಅಪ್ಪಣೆ ತಡವಾದರೆ ಲಕ್ಷ ರೂಪಾಯಿಯ ಕಾರ್ಡೂ ಕೈಕಟ್ಟಿ ಕೂತಿರುತ್ತದೆ. ಗಿಲ್ಡ್ ವಾರ್ಸ್ 2ರವರು 2021ರಲ್ಲಿ ಡೈರೆಕ್ಟ್‌ಎಕ್ಸ್ 9 ಬಿಟ್ಟು 11ಕ್ಕೆ ಬದಲಾಯಿಸತೊಡಗಿದ್ದು ಈ ಭಾರ ಇಳಿಸಲಿಕ್ಕೇ.

ಹಾಗಾಗಿ ಕೈಯಲ್ಲಿ 40–50 ಸಾವಿರ ಇದ್ದವರಿಗೆ ನನ್ನ ಮಾತು: ಮೊದಲ ವರ್ಷ ಕಾರ್ಡೇ ಬೇಡ. 2021ರಲ್ಲಿ ಅಂಗಡಿಗೆ ಬಂದ ಎಎಂಡಿಯ ರೈಜನ್ 5 5600ಜಿ ತನ್ನೊಳಗೇ ಗ್ರಾಫಿಕ್ಸ್ ಇಟ್ಟುಕೊಂಡ ಪ್ರೊಸೆಸರ್. ಆರು ಕೋರ್, 65 ವ್ಯಾಟ್. ಸೆಟ್ಟಿಂಗ್ ಒಂದಿಷ್ಟು ಇಳಿಸಿಕೊಂಡರೆ ಮೇಲೆ ಹೇಳಿದ ಆಟಗಳನ್ನೆಲ್ಲ 1080 ಪಿಕ್ಸೆಲ್ಲಿನಲ್ಲಿ ನಡೆಸುತ್ತದೆ. ದುಡ್ಡು ಕೂಡಿದ ಮೇಲೆ ಅದೇ ಬೋರ್ಡಿಗೆ ಕಾರ್ಡು ಚುಚ್ಚಬಹುದು. ಬೇರೆಯವರು ಇದನ್ನು ಒಪ್ಪುವುದಿಲ್ಲ, ಅವರ ವಾದದಲ್ಲೂ ಹುರುಳಿದೆ. ‘ಜಿ’ ಇಲ್ಲದ 5600ರಲ್ಲಿ ಎಲ್3 ಕ್ಯಾಶ್ 32 ಎಂಬಿ, ‘ಜಿ’ ಇರುವುದರಲ್ಲಿ 16 ಮಾತ್ರ. ಜನಜಂಗುಳಿಯಲ್ಲಿ ಕ್ಯಾಶಿನ ಬೆಲೆ ತಿಳಿಯುತ್ತದೆ. 2022ರಲ್ಲಿ ಬಂದ 5800ಎಕ್ಸ್3ಡಿ 96 ಎಂಬಿ ಕ್ಯಾಶಿನ ಬಲದಿಂದಲೇ ವಾರ್‌ಕ್ರಾಫ್ಟ್ ಆಡುವವರ ಕಣ್ಮಣಿಯಾಯಿತು. ಕಾರ್ಡು ಕೊಳ್ಳುವುದು ಗ್ಯಾರಂಟಿ, ಅದೂ ಇದೇ ತಿಂಗಳು ಅಂತಾದರೆ 5600 ತೆಗೆದುಕೊಳ್ಳಿ. ‘ಮುಂದೆ ನೋಡುವಾ’ ಎನ್ನುವ ಮನೆಗಳಿಗೆ 5600ಜಿ. (ಎಎಂಡಿಯ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರಿನಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಅದರಿಂದ ನಮಗೆ ಬೆಲೆಯಲ್ಲಿ ಬಿಡಿಗಾಸೂ ಬಿಡುವುದಿಲ್ಲ ಎಂಬುದು ಬೇರೆ ಮಾತು.)

5600ಜಿ ಕೊಂಡು 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್ ಹಾಕಿಸಿಕೊಂಡು ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಎರವಲು ಪಡೆಯಬೇಕು. 8 ಜಿಬಿಯ ಎರಡು ಸ್ಟಿಕ್ ಹಾಕಿದರೆ ದಾರಿ ಇಮ್ಮಡಿ ಅಗಲ. ಅದೇ ದುಡ್ಡು, ಅದೇ 16 ಜಿಬಿ, ಆಟ ಮಾತ್ರ ಬೇರೆ. ಈಗ ರ‍್ಯಾಮಿನ ಬೆಲೆಯೇ ತಲೆನೋವು. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಗುಡಿಸಿಕೊಂಡು ಹೋದವು, ಬೆಲೆ ಮುಗಿಲಿಗೇರಿತು. ಎಷ್ಟೋ ಮನೆಯ ಕಂಪ್ಯೂಟರುಗಳಲ್ಲಿರುವ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆಂದು ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಸಾರಿತು. ಹೀಗಾಗಿ ಹಳೆಯ ಡಿಡಿಆರ್4 ಸ್ಟಿಕ್ಕುಗಳಿಗೂ ಮರ್ಯಾದೆ ಬಂದಿದೆ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೊಳ್ಳಲು ಹೆದರಬೇಕಿಲ್ಲ. ಅದರಲ್ಲಿ ಸವೆಯುವ ಭಾಗವಿಲ್ಲ, ಕೆಟ್ಟಿದ್ದರೆ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದಾಗ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಎಂದ ಮೇಲೆ ಬೆಂಗಳೂರಿನ ಎಸ್‌.ಪಿ. ರೋಡ್, ಅಂದರೆ ಸಾದರ್ ಪತ್ರಪ್ಪ ರಸ್ತೆಯ ವಿಷಯ ಬರಲೇಬೇಕು. ಆಫೀಸುಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಡಬ್ಬಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಎಂಟನೇ ತಲೆಮಾರಿನ ಐ5 ಇರುವುದನ್ನೇ ಆರಿಸಿ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ, ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕೊಂದು ಗಿಡ್ಡ ಜಿಟಿಎಕ್ಸ್ 1650 ಕಾರ್ಡು. 75 ವ್ಯಾಟಿನದಾದ್ದರಿಂದ ಬೇರೆ ವೈರೂ ಬೇಡ, ಸ್ಲಾಟಿನಿಂದಲೇ ಉಣ್ಣುತ್ತದೆ. ಸಣ್ಣ ಡಬ್ಬಿಗೆ ದೊಡ್ಡ ಕಾರ್ಡು ಹಿಡಿಯುವುದಿಲ್ಲ, ಮುಂದೆ ಬೆಳೆಸಲಿಕ್ಕೂ ಬರುವುದಿಲ್ಲ, ಅದು ಸರಿಯೇ. ಆದರೆ ಒಳಗಿನ ಎಸ್‌ಎಂಪಿಎಸ್ ಸಾಮಾನ್ಯವಾಗಿ ಗಟ್ಟಿ, ಬೆಲೆ ಹೊಸತಕ್ಕಿಂತ ಎಷ್ಟೋ ಕಡಿಮೆ. ಪಂಚಗಂಗಾ ಎಕ್ಸ್‌ಪ್ರೆಸ್ಸಿನ ಬರ್ತಿನಲ್ಲಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಬರುವಷ್ಟು ಚಿಕ್ಕದು.

ಹಳೆಯ ಗ್ರಾಫಿಕ್ಸ್ ಕಾರ್ಡು ಕೊಳ್ಳುವುದು ಮಾತ್ರ ಕಣ್ಣಿನ ಕೆಲಸ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಪೇಟೆಗೆ ನುಗ್ಗಿದವು. ಎಲ್ಲರೂ ಅದಕ್ಕೆ ಹೆದರುತ್ತಾರೆ. ನನಗೆ ಮೈನಿಂಗಿಗಿಂತ ಕಡಲಿನ ಭಯ ಹೆಚ್ಚು. ಕಾರ್ಡು ಕೈಗೆ ಬಂದ ಕೂಡಲೇ ಫ್ಯಾನು ನೋಡಬೇಡಿ, ಮಾನಿಟರ್ ಕೇಬಲ್ ಚುಚ್ಚುವ ಕಡೆಯ ಬ್ರ್ಯಾಕೆಟ್ಟಿನ ಸ್ಕ್ರೂ ನೋಡಿ. ತಲೆಯ ಮೇಲೆ ಕಂದು ತುಕ್ಕಿನ ಪುಡಿ ಇದೆಯೇ? ಟಾರ್ಚ್ ಹಿಡಿದು ಫ್ಯಾನಿನ ರೆಕ್ಕೆಗಳ ಸಂದಿಯಿಂದ ತಾಮ್ರದ ಕೊಳವೆ ನೋಡಿ. ಹಸಿರು ಕಿಲುಬು ಹಿಡಿದಿದೆಯೇ? ಇದ್ದರೆ ಆ ಕಾರ್ಡು ಸಮುದ್ರದ ಗಾಳಿ ಕುಡಿದದ್ದು, ಕಾಣದ ಬೆಸುಗೆಗಳಲ್ಲೂ ಅದೇ ನಡೆದಿರುತ್ತದೆ. ಈ ಲೆಕ್ಕದಲ್ಲಿ ಬೆಂಗಳೂರಿನ ಧೂಳು ತಿಂದ ಕಾರ್ಡು ಕರಾವಳಿಯಲ್ಲಿ ಬಾಳಿದ ಕಾರ್ಡಿಗಿಂತ ವಾಸಿ. ಧೂಳು ಬ್ರಷ್ಷಿಗೆ ಹೋಗುತ್ತದೆ. ಆರ್‌ಎಕ್ಸ್ 6600 ಸಿಕ್ಕರೆ ನನ್ನ ಓಟು ಅದಕ್ಕೆ: 8 ಜಿಬಿ ಮೆಮೊರಿ, 132 ವ್ಯಾಟ್. ಅದಕ್ಕಿಂತ ಹಳೆಯ ಆರ್‌ಎಕ್ಸ್ 580 ಅಗ್ಗ, ಆದರೆ 185 ವ್ಯಾಟ್ ನುಂಗುತ್ತದೆ, ಅಷ್ಟು ಶಾಖ ನಮ್ಮ ಸೆಕೆಗೆ ಯಾಕೆ?

ಕ್ಯಾಬಿನೆಟ್ಟಿನ ಬಣ್ಣದ ಲೈಟುಗಳ ಬಗ್ಗೆ ನನಗೆ ಹೇಳಲಿಕ್ಕೇನೂ ಇಲ್ಲ. ಹಲ್ಲಿಯ ಬಗ್ಗೆ ಇದೆ. ಬೆಚ್ಚಗಿನ ಜಾಗ, ಒಳಗೆ ಹುಳಹುಪ್ಪಟೆ. ಹಿಂಬದಿಯಲ್ಲಿ ಖಾಲಿ ಸ್ಲಾಟಿನ ತಗಡಿನ ಪಟ್ಟಿ ಕಳಚಿ ಎಸೆದವರ ಮನೆಯಲ್ಲಿ ಹಲ್ಲಿ ನೇರ ಒಳಗೆ ಹೋಗಿ ಬೋರ್ಡಿನ ಮೇಲೆ ಮಲಗುತ್ತದೆ, ಒಂದು ದಿನ ಎರಡು ಕಾಲು ಎರಡು ಕಡೆ ಇಟ್ಟು ತಾನೂ ಸಾಯುತ್ತದೆ, ಬೋರ್ಡನ್ನೂ ಕೊಲ್ಲುತ್ತದೆ. ಆ ಪಟ್ಟಿಗಳನ್ನು, ಬೋರ್ಡಿನ ಜೊತೆ ಬರುವ ಐ/ಒ ಶೀಲ್ಡನ್ನು ಕಡ್ಡಾಯವಾಗಿ ಹಾಕಿ. ಮುಂದೆ ಗಾಳಿ ಎಳೆಯುವ ಫ್ಯಾನು ಎರಡು, ಹಿಂದೆ ಹೊರದೂಡುವುದು ಒಂದು. ಒಳಗಿನ ಒತ್ತಡ ಹೆಚ್ಚಿದ್ದರೆ ಜಾಲರಿ ಇಲ್ಲದ ಸಂದಿಗಳಿಂದ ಧೂಳು ಒಳನುಗ್ಗುವುದಿಲ್ಲ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತಾದರೂ ಯಂತ್ರ ಓಡಿಸಿ. ಒಳಗೆ ಬೆಚ್ಚಗಾದರೆ ತೇವ ಕೂರುವುದಿಲ್ಲ. ಆಷಾಢವಿಡೀ ಮುಚ್ಚಿಟ್ಟು ಚೌತಿಗೆ ತೆಗೆದರೆ ಡಿಸ್‌ಪ್ಲೇ ಬರುವುದಿಲ್ಲ. ಆಗ ಹೌಹಾರಿ ಅಂಗಡಿಗೆ ಹೊರಬೇಡಿ. ವೈರ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಎನ್ನುವ ತನಕ ಒತ್ತಿ ಕೂರಿಸಿ. ರಿಪೇರಿ ಅಂಗಡಿಯಲ್ಲಿ ಮೊದಲು ಮಾಡುವುದೂ ಇದನ್ನೇ. 5600ಜಿಯಂಥ ಎಎಂ4 ಪ್ರೊಸೆಸರಿನ ಪೇಸ್ಟ್ ಬದಲಿಸುವವರಿಗೂ ಒಂದು ಮಾತು. ಒಣಗಿದ ಪೇಸ್ಟು ಕೂಲರನ್ನು ಪ್ರೊಸೆಸರಿಗೆ ಅಂಟಿಸಿಬಿಟ್ಟಿರುತ್ತದೆ. ನೆಟ್ಟಗೆ ಎಳೆದರೆ ಪ್ರೊಸೆಸರೇ ಕಿತ್ತು ಬಂದು ಅದರ 1331 ಪಿನ್ನುಗಳ ಗತಿ ನಿಮ್ಮ ದೇವರ ಮೇಲೆ ಭಾರ. ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಸ್ವಿಚ್ ಆರಿಸಿ ವೈರ್ ಕಿತ್ತು, ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ.

ಇನ್ನು ಇಂಟರ್ನೆಟ್ ಲೈನು. ಹಳೆಯ ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಗುಡುಗು ಕೇಳಿಸಿದರೆ ಮೋಡೆಮ್ ಕೀಳಲು ಮನೆಮಂದಿಯೆಲ್ಲ ಓಡುತ್ತಿದ್ದರು. ಈಗಿನ ಫೈಬರಿನ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ಅಡಾಪ್ಟರಿನ ಕಡೆಯಿಂದ ಬಂದರೆ ಉಂಟು. ಪ್ಲಾನ್ ದೊಡ್ಡದು ಬೇಕಿಲ್ಲ. ಫೈನಲ್ ಫ್ಯಾಂಟಸಿ 14 ಇಳಿಸಿಕೊಳ್ಳಲು 140 ಜಿಬಿ ಜಾಗ ಕೇಳುತ್ತದೆ ನಿಜ, ಒಮ್ಮೆ ಇಳಿದ ಮೇಲೆ ಆಡಲು ವಾಟ್ಸ್ಆ್ಯಪ್ ವಿಡಿಯೋ ಕಾಲಿಗಿಂತ ಕಡಿಮೆ ಡೇಟಾ ಸಾಕು. ಚಿರೆಕಲ್ಲಿನ ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೋತು ಸುಣ್ಣವಾಗಿರುತ್ತದೆ. ಮಾಡಿನ ಪಕಾಸಿಗೆ ಕಟ್ಟಿಕೊಂಡು ಒಂದು ಕ್ಯಾಟ್6 ಕೇಬಲ್ ಎಳೆದುಬಿಡಿ.

ಪಿಂಗ್, ಅಂದರೆ ಸರ್ವರಿಗೆ ಹೋಗಿ ಬರುವ ಸಮಯದ ಬಗ್ಗೆ ಕೊರಗುವವರು ಆಟ ಬದಲಿಸಿದರೆ ಕೊರಗು ಅರ್ಧ ತೀರುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಫ್ರಾಂಕ್‌ಫರ್ಟ್ ನೇರ ಗೆರೆ ಎಳೆದರೂ 7 ಸಾವಿರ ಕಿಲೋಮೀಟರ್, ಹೋಗಿ ಬರಲು 70 ಮಿಲಿಸೆಕೆಂಡ್. ಕೇಬಲ್ಲು ನೇರ ಹೋಗುವುದಿಲ್ಲ, ಮುಂಬಯಿಗೆ ಹೋಗಿ ಕೆಂಪು ಸಮುದ್ರ ಸುತ್ತಿ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಬಳಿ ಕೇಬಲ್ ತುಂಡಾದಾಗ ನಮ್ಮ ಲೈನುಗಳೂ ತೆವಳಿದವು. ಅಂತೂ ಯುರೋಪಿನ ಸರ್ವರಿಗೆ 150 ದಾಟುವುದು ಮಾಮೂಲು. ಗುಂಡಿನ ಆಟದಲ್ಲಿ ಅಷ್ಟರಲ್ಲಿ ನೀವು ಸತ್ತಿರುತ್ತೀರಿ. ಆದರೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪಿನಲ್ಲಿ ಲೋಕವೇ 0.6 ಸೆಕೆಂಡಿಗೊಮ್ಮೆ ಹೆಜ್ಜೆ ಹಾಕುತ್ತದೆ. ವಾರ್‌ಕ್ರಾಫ್ಟಿನಲ್ಲಿ ಒಂದು ಏಟಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 1.5 ಸೆಕೆಂಡ್, ಫೈನಲ್ ಫ್ಯಾಂಟಸಿಯಲ್ಲಿ 2.5. ಇಷ್ಟು ನಿಧಾನದ ತಾಳದಲ್ಲಿ ನಮ್ಮ ಪಿಂಗು ಎದ್ದು ಕಾಣುವುದಿಲ್ಲ. ಅವಸರದವರಿಗೆ ಅಲ್ಬಿಯನ್ ಆನ್‌ಲೈನ್‌ನ ಏಷ್ಯಾ ಸರ್ವರ್ 2023ರಿಂದ ಇದೆ.

ಅಲ್ಬಿಯನ್‌ನಲ್ಲಿ ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಹೋದಂತೆಯೇ. ಕರೆಂಟು ಹೋಯಿತು ಎಂದರೆ ಯಾರೂ ಕೇಳುವುದಿಲ್ಲ. ಫೈನಲ್ ಫ್ಯಾಂಟಸಿಯ ಗುಹೆಗೆ ನಾಲ್ಕೇ ಜನ, ಅದರಲ್ಲಿ ಗಾಯ ಮಾಯಿಸುವವರು ಒಬ್ಬರೇ. ಆ ಒಬ್ಬರು ನೀವಾಗಿದ್ದು, ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಉಳಿದ ಮೂವರ ಕಥೆ ಮುಗಿಯಿತು. ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್ ಇದ್ದರೆ ಅದರ ಬೆನ್ನಿನಲ್ಲಿರುವ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಿರುಗಿಸಿ. ಎಷ್ಟೋ ಮನೆಗಳಲ್ಲಿ ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಫೈಬರಿನ ಡಬ್ಬಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಬೇರೆಯೇ ಬೇಕು. ಕಂಪ್ಯೂಟರ್ ಉಳಿದು ಲೈನು ಹೋದರೂ ಸಾವು ಸಾವೇ.

ಹೆತ್ತವರ ಪ್ರಶ್ನೆಗಳೂ ಬರುತ್ತವೆ. ಆನ್‌ಲೈನ್ ಗೇಮ್ ಸರ್ಕಾರ ಬಂದ್ ಮಾಡಿದೆಯಲ್ಲ ಎಂದು ಕೇಳಿದವರಿಗೆ: 2025ರ ಆಗಸ್ಟಿನ ಕಾಯ್ದೆ ತಡೆದದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ತಿಂಗಳ ಚಂದಾ ಕೊಟ್ಟು ಆಡುವುದು ಪಣವಲ್ಲ. ಚಂದಾ ಕೂಡ ಮೊದಲೇ ಕೊಡಬೇಕಿಲ್ಲ. ಫೈನಲ್ ಫ್ಯಾಂಟಸಿ 14ರ ಉಚಿತ ಆವೃತ್ತಿ 70ನೇ ಹಂತದವರೆಗೆ ಬಿಟ್ಟುಕೊಡುತ್ತದೆ, ದಿನಕ್ಕೆ ಒಂದೆರಡು ಗಂಟೆ ಆಡುವವರಿಗೆ ಅದೇ ಎಷ್ಟೋ ತಿಂಗಳ ಊಟ. ಗಿಲ್ಡ್ ವಾರ್ಸ್ 2ರ ಮೂಲ ಆಟ 2015ರಿಂದ ಪುಕ್ಕಟೆ.

ಗೇಮಿಂಗ್ ಲ್ಯಾಪ್‌ಟಾಪೇ ಒಳ್ಳೆಯದಲ್ಲವೇ ಎಂದು ಕೇಳುವವರು ಪೂರ್ತಿ ತಪ್ಪಿಲ್ಲ. ಬ್ಯಾಟರಿ ಅದರೊಳಗೇ ಇದೆ, ಕರೆಂಟು ಹೋದರೆ ಗೊತ್ತೇ ಆಗುವುದಿಲ್ಲ, ಸಿಡಿಲಿನ ಹೊತ್ತಿಗೆ ವೈರ್ ಕಿತ್ತು ಮಡಿಲಲ್ಲಿಟ್ಟುಕೊಂಡು ಆಡಬಹುದು. ಆದರೆ ಈ ದುಡ್ಡಿಗೆ ಸಿಗುವ ಲ್ಯಾಪ್‌ಟಾಪು ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ, ಉಪ್ಪು ಗಾಳಿಗೆ ಬೋರ್ಡ್ ಹೋದರೆ ಎಲ್ಲವೂ ಒಟ್ಟಿಗೇ ಹೋಯಿತು. ಡೆಸ್ಕ್‌ಟಾಪಿನಲ್ಲಿ ಹೋದದ್ದೊಂದನ್ನು ಬದಲಿಸಿ ಉಳಿದದ್ದು ಉಳಿಸಿಕೊಳ್ಳಬಹುದು. ಮಗ ಮುಂದಿನ ಜೂನಿಗೆ ಹಾಸ್ಟೆಲಿಗೆ ಹೊರಟಿದ್ದರೆ ಲ್ಯಾಪ್‌ಟಾಪ್ ಕೊಡಿಸಿ. ಮನೆಯಲ್ಲೇ ಇರುವವನಾದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.